ಓದುವವರ ಮನೆಯೂ ಲೆಕ್ಕಕ್ಕೆ ಬಂದದ್ದು

ನಮ್ಮ ಚಾಮರಾಜನಗರದ ಹರವೆ ಕಡೆಯ ಹುಡುಗ ಬಿ.ಎ. ಮುಗಿಸಿ ಎಂ.ಎ. ಓದುತ್ತೇನೆ ಎಂದರೆ ಮನೆಯಲ್ಲಿ ಏಳುತ್ತಿದ್ದ ಮೊದಲ ಪ್ರಶ್ನೆ ಸೀಟಿನದಲ್ಲ, ಊಟದ್ದು. ‘ಮೈಸೂರಲ್ಲಿ ಎಲ್ಲಿರ್ತೀಯಪ್ಪಾ?’ ಚಾಮರಾಜನಗರ 1997ರ ಆಗಸ್ಟ್ 15ರವರೆಗೂ ಮೈಸೂರು ಜಿಲ್ಲೆಗೇ ಸೇರಿತ್ತು. ಕಚೇರಿ ಕೆಲಸಕ್ಕೂ ದೊಡ್ಡ ಆಸ್ಪತ್ರೆಗೂ ಮೈಸೂರು, ಮೇಲಿನ ಓದಿಗೂ ಮೈಸೂರು. ಫೀಸನ್ನು ಹೇಗೋ ಹೊಂದಿಸಬಹುದು, ಎರಡು ವರ್ಷದ ಊಟ ಮತ್ತು ರೂಮಿನ ಬಾಡಿಗೆ ಹೊಂದಿಸುವುದು ಕಷ್ಟ. ಇಂದು ವಿದ್ಯಾರ್ಥಿ ಸೌಲಭ್ಯ ಎಂದು ಕರೆಯುವುದೆಲ್ಲ ನಮ್ಮ ಭಾಗದಲ್ಲಿ ಹುಟ್ಟಿದ್ದು ಈ ಅನ್ನದ ಚಿಂತೆಯಿಂದಲೇ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರ ಜುಲೈ 27ರಂದು. ಆಗ ಬಡ ಹುಡುಗರಿಗೆ ಇದ್ದ ಒಂದು ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಎಷ್ಟೋ ವಿದ್ವಾಂಸರು ಹಾಗೆ ಉಂಡು ಓದಿದವರು. ಆದರೆ ಅದು ಬಹುಪಾಲು ಜಾತಿಯ ಗೆರೆಯೊಳಗೇ ನಡೆದ ಏರ್ಪಾಡು. ಪಟ್ಟಣದಲ್ಲಿ ತನ್ನವರ ಮನೆಯೇ ಇಲ್ಲದ ರೈತನ ಮಗ, ಕೂಲಿಯವರ ಮಗ ಯಾರ ಜಗುಲಿಯಲ್ಲಿ ಕೂರಬೇಕಿತ್ತು? ಆ ಪ್ರಶ್ನೆಗೆ ಉತ್ತರವಾಗಿ ಬಂದವು ಉಚಿತ ವಿದ್ಯಾರ್ಥಿನಿಲಯಗಳು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ 1940ರ ದಶಕದಲ್ಲಿ ಮೈಸೂರಿನಲ್ಲಿ ಹಳ್ಳಿ ಮಕ್ಕಳಿಗೆ ಉಚಿತ ಊಟ, ವಸತಿ ಕೊಟ್ಟರು. ಜೆಎಸ್‌ಎಸ್ ಮಹಾವಿದ್ಯಾಪೀಠ ರೂಪುಗೊಂಡದ್ದು ಅದಾದ ಮೇಲೆ, 1954ರಲ್ಲಿ. ಮೊದಲು ಅನ್ನ, ಆಮೇಲೆ ಶಾಲೆ ಕಾಲೇಜು! ದಿನಸಿಗೆ ದುಡ್ಡಿಲ್ಲದಾಗ ಸ್ವಾಮೀಜಿ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಈ ಭಾಗದ ಹಿರಿಯರು ಇಂದಿಗೂ ಕೈಮುಗಿದು ಹೇಳುತ್ತಾರೆ.

1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣ ಮಾನಸಗಂಗೋತ್ರಿ ಬಂತು. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿ ಕೊಟ್ಟ ‘ವಿದ್ಯಾಸಿರಿ’ ಶುರುವಾದದ್ದು 2013–14ರಲ್ಲಿ. ಇವುಗಳಲ್ಲಿ ಒಂದನ್ನೂ ನಾನು ಸಣ್ಣದೆನ್ನಲಾರೆ. ನಮ್ಮ ಹಳ್ಳಿಗಳ ಮೊದಲ ತಲೆಮಾರಿನ ಮೇಷ್ಟ್ರುಗಳು, ಗುಮಾಸ್ತರು, ವಕೀಲರು ಎದ್ದುಬಂದದ್ದು ಇಂಥ ಪಂಕ್ತಿಗಳಿಂದಲೇ.

ಆದರೆ ಈ ಏರ್ಪಾಡುಗಳೆಲ್ಲ ಕಣ್ಣಮುಂದೆ ಇಟ್ಟುಕೊಂಡದ್ದು ಒಂಟಿ ವಿದ್ಯಾರ್ಥಿಯನ್ನು. ಒಂದು ಟ್ರಂಕು, ಒಂದು ಚಾಪೆ ಹಿಡಿದು ಬರುವವನನ್ನು. ಅವನ ಹಿಂದೆ ಒಂದು ಮನೆ ಇದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಮನೆಯನ್ನೇ ಹೊತ್ತ ಹೆಣ್ಣುಮಗಳಂತೂ ಅರ್ಜಿ ನಮೂನೆಯವರೆಗೂ ಬರಲಿಲ್ಲ. ಬಿ.ಎ. ಮುಗಿಯುತ್ತಿದ್ದಂತೆ ಮದುವೆ, ವರ್ಷದೊಳಗೆ ಮಗು. ಅಂಕಪಟ್ಟಿ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಉಳಿಯಿತು.

ಬೇರೆ ದೇಶಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಕುಟುಂಬಕ್ಕೆ ಕ್ಯಾಂಪಸ್ಸಿನಲ್ಲೇ ಮನೆ ಕೊಡುವುದು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರನ್ನು ಕಾಲೇಜಿಗೆ ಕಳಿಸಲು ಅಮೆರಿಕ 1944ರಲ್ಲಿ ಕಾನೂನು ಮಾಡಿದಾಗ ಅವರು ಹೆಂಡತಿ ಮಕ್ಕಳೊಂದಿಗೆ ಬಂದರು. ವಿಶ್ವವಿದ್ಯಾಲಯಗಳು ತರಾತುರಿಯಲ್ಲಿ ತಾತ್ಕಾಲಿಕ ಮನೆಗಳನ್ನು ಎಬ್ಬಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮದುವೆಯಾದ ಸಂಶೋಧಕರಿಗೆ ಪ್ರತ್ಯೇಕ ಮನೆಗಳಿವೆ. ಗಂಡ, ಹೆಂಡತಿ, ಒಂದು ಮಗು ಅಷ್ಟೇ ಇದ್ದರೆ ಅದು ಒಳ್ಳೆಯ ಏರ್ಪಾಡು. ಹರವೆಯ ಮನೆ ಅಷ್ಟಕ್ಕೆ ನಿಲ್ಲುವುದಿಲ್ಲ. ಅತ್ತೆ, ಮಾವ, ಕೊಟ್ಟಿಗೆಯಲ್ಲಿ ಎರಡು ಹಸು, ಹೊಲದಲ್ಲಿ ಅರಿಶಿನ, ಬಾಳೆ. ಇಷ್ಟನ್ನೂ ಯಾವ ಕ್ವಾರ್ಟರ್ಸಿಗೆ ಸಾಗಿಸುವುದು? ಇಂಥ ಮನೆಗೆ ದಕ್ಕುವ ನೆರವು ಒಂದೇ: ಓದೇ ಮನೆಯ ಹತ್ತಿರಕ್ಕೆ ಬರಬೇಕು.

ಅದು ಬಂತು. ಹೊಸ ಜಿಲ್ಲೆಯಾಗಿ ಒಂದು ದಶಕ ಕಳೆದ ಮೇಲೆ ಮೈಸೂರು ವಿಶ್ವವಿದ್ಯಾನಿಲಯವು ಚಾಮರಾಜನಗರದ ಬೇಡರಪುರದ ಬಳಿ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಆವರಣದ ಹೆಸರು ಸುವರ್ಣಗಂಗೋತ್ರಿ. ಗಂಗೋತ್ರಿಗೆ ಹೋಗಲಾಗದವರ ಕಡೆಗೆ ಗಂಗೋತ್ರಿಯೇ ಬಂದಂತಾಯಿತು. 2023ರ ಮಾರ್ಚಿನಲ್ಲಿ ಅದೇ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು.

ಬೆಳಗಿನ ಬಸ್ಸಿನಲ್ಲಿ ಇದರ ಅರ್ಥ ಕಾಣುತ್ತದೆ. ಹಾಲು ಕರೆದು ಡೇರಿಗೆ ಹಾಕಿ, ರೊಟ್ಟಿ ಬಡಿದು, ಮಗುವಿನ ತಲೆ ಬಾಚಿ, ‘ಹೋಗ್ಬುಟ್ಟು ಬತ್ತೀನಿ ಕಣತ್ತೆ’ ಎಂದು ಹೊರಟ ಸೊಸೆ ಸೀಟು ಸಿಕ್ಕ ಕೂಡಲೇ ಚೀಲದಿಂದ ನೋಟ್ಸು ತೆಗೆಯುತ್ತಾಳೆ. ಜೆರಾಕ್ಸ್ ಹಾಳೆಯ ಅಂಚಿಗೆ ಹಿಟ್ಟಿನ ಗುರುತು. ಚಾಮರಾಜನಗರದಲ್ಲಿ ಇಳಿದು ಬೇಡರಪುರದ ಕಡೆಗೆ ಮತ್ತೊಂದು ಬಸ್ಸು. ಮಗುವನ್ನು ಅಂಗನವಾಡಿಯಿಂದ ಕರೆತರುವವರು ಅತ್ತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೊಸೆ ಮನೆಯಲ್ಲಿ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ದುಡ್ಡಿಗೆ ಗಂಡನ ಮುಂದೆ ಕೈಚಾಚುವುದೂ ತಪ್ಪಿತು. ಶಕ್ತಿಯನ್ನು ಯಾರೂ ಸ್ನಾತಕೋತ್ತರ ಶಿಕ್ಷಣದ ಯೋಜನೆ ಎಂದು ಲೆಕ್ಕ ಹಾಕುವುದಿಲ್ಲ. ಹಾಕಬೇಕು.

ಪಿಎಚ್.ಡಿ. ಮಟ್ಟದಲ್ಲಿ ತಾಯಿಯಾದವಳನ್ನು ನಿಯಮವೇ ಗುರುತಿಸಿದ್ದು ತೀರ ಈಚೆಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮಾವಳಿಯು ಮಹಿಳಾ ಸಂಶೋಧಕರಿಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಟ್ಟಿತು, ಪ್ರಬಂಧ ಮುಗಿಸಲು ಎರಡು ವರ್ಷ ಹೆಚ್ಚುವರಿ ಕಾಲಾವಕಾಶವನ್ನೂ ಕೊಟ್ಟಿತು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸಿದ ಇನ್ನೊಂದು ಅಂಶವಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಸಂಶೋಧಕಿ ತಾನು ಕಲೆಹಾಕಿದ ಸಂಶೋಧನಾ ಸಾಮಗ್ರಿಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ವರ್ಷಗಟ್ಟಲೆ ಬರೆದಿಟ್ಟದ್ದನ್ನು ತವರಿನಲ್ಲೇ ಬಿಟ್ಟು ಗಂಡನ ಮನೆಗೆ ಹೋಗುವುದು ಇನ್ನು ಅನಿವಾರ್ಯವಲ್ಲ. 2021ರ ಡಿಸೆಂಬರಿನಲ್ಲಿ ಯುಜಿಸಿ ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಮತ್ತು ಹಾಜರಾತಿಯ ರಿಯಾಯಿತಿಗೆ ನಿಯಮ ರೂಪಿಸಿ ಎಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಗರ್ಭಿಣಿ ವಿದ್ಯಾರ್ಥಿನಿ ಕೇಳಬೇಕಾದದ್ದು ದಯೆಯಲ್ಲ, ತನ್ನ ಹಕ್ಕು. ಇದನ್ನು ಪ್ರತಿ ವಿಭಾಗದ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಅಂಟಿಸಬೇಕು.

ರಜೆ ಮುಗಿದ ಮೇಲೆ ಮಗುವನ್ನು ಯಾರು ನೋಡಿಕೊಳ್ಳಬೇಕು? ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಬದು ಹಾಕುವ ತಾಯಿಗೆ ಬೇಕಾದದ್ದು ಗ್ರಂಥಾಲಯದಲ್ಲಿ ಕೂರುವ ತಾಯಿಗೂ ಬೇಕು. ಅದೇ ಮಾದರಿಯ ಒಂದು ಕೋಣೆ, ಇಬ್ಬರು ಆಯಾಗಳು ಪ್ರತಿ ಸ್ನಾತಕೋತ್ತರ ಆವರಣದಲ್ಲೂ ಇದ್ದರೆ ಸಾಕು.

ಇಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪ ಸಂಪುಟ ಉಪಸಮಿತಿಯಿಂದ ಬಂತು. ಚಾಮರಾಜನಗರವೂ ಆ ಪಟ್ಟಿಯಲ್ಲಿತ್ತು. ಅನುದಾನವಿಲ್ಲ, ಬೋಧಕರಿಲ್ಲ, ನಡೆಸುವುದು ಕಷ್ಟ ಎಂಬುದು ಕಾರಣ. ಕುಲಪತಿ, ಕುಲಸಚಿವ, ಪ್ರತ್ಯೇಕ ಆಡಳಿತ ಇವುಗಳ ಖರ್ಚಿನ ಬಗ್ಗೆ ವಾದ ಮಾಡಬಹುದು. ನನಗೂ ಅದರಲ್ಲಿ ಹಟವಿಲ್ಲ. ಆದರೆ ಉಳಿತಾಯದ ಲೆಕ್ಕ ಬರೆಯುವವರು ಇನ್ನೊಂದನ್ನೂ ಬರೆದುಕೊಳ್ಳಲಿ: ಮದುವೆಯ ನಂತರ ಸೇರಿದ ವಿದ್ಯಾರ್ಥಿನಿಯರು ಎಷ್ಟು, ಅವರಲ್ಲಿ ಮೈಸೂರಿಗೆ ಹೋಗಿ ಓದಬಲ್ಲವರು ಎಷ್ಟು. ಹಾಜರಾತಿ ಪುಸ್ತಕ ಹಿಡಿದು ತರಗತಿಗೆ ಹೋಗಿ ಕೇಳಿದರೆ ಒಂದು ವಾರದಲ್ಲಿ ಉತ್ತರ ಸಿಗುತ್ತದೆ. ವಿಲೀನವೇ ಆಗುವುದಾದರೆ ಆಗಲಿ, ಪದವಿ ಪತ್ರದ ಮೇಲೆ ಮೈಸೂರಿನ ಮುದ್ರೆಯೇ ಬೀಳಲಿ. ತರಗತಿಗಳು ಮಾತ್ರ ಬೇಡರಪುರದಲ್ಲೇ ನಡೆಯಬೇಕು, ಹರವೆಯ ಬಸ್ಸು ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು.