ಸಂಗೀತ ಸಂಘಕ್ಕೆ ಹೊಸ ಆಡಳಿತ ಮಂಡಳಿ: ಹಾರ ಹಾಕಿದರೆ ಮುಗಿಯದು

ನಿಡಗುಂದಿ: ಪಿಟೀಲು, ತಬಲಾ, ಹಾರ್ಮೋನಿಯಂ ವಾದಕರು ಕೂಡಿ ಕಟ್ಟಿದ ಸಂಘಕ್ಕೆ ಹೊಸ ಪದಾಧಿಕಾರಿಗಳು ಬಂದರೆ ಸನ್ಮಾನ ಸಮಾರಂಭ ತಪ್ಪದೆ ನಡೆಯುತ್ತದೆ. ಹಿಂದೆ ಬೀಳುವುದು ಕಾಗದಪತ್ರದ ಕೆಲಸ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ 7 ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಲಲಿತಕಲೆಗಳ ಪೋಷಣೆ ಕಾಯ್ದೆ ಒಪ್ಪಿರುವ ಉದ್ದೇಶಗಳಲ್ಲೊಂದು. ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು. ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿ ಸದಸ್ಯರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು 13ನೇ ಕಲಂ ವಿಧಿಸುತ್ತದೆ. ಲೆಕ್ಕಪರಿಶೋಧನೆಗೊಳಗಾದ ಲೆಕ್ಕಪತ್ರವೂ ಜೊತೆಗಿರಬೇಕು. ನಿಡಗುಂದಿ ತಾಲ್ಲೂಕು ಕೇಂದ್ರವಾಗಿದ್ದರೂ ಜಿಲ್ಲಾ ನೋಂದಣಾಧಿಕಾರಿಯ ಕಚೇರಿ ಇರುವುದು ವಿಜಯಪುರದಲ್ಲಿ.

ಪಟ್ಟಿ ತಲುಪದಿದ್ದರೆ ಕಚೇರಿಯ ದಾಖಲೆಯಲ್ಲಿ ಹಳಬರೇ ಪದಾಧಿಕಾರಿಗಳು. ಬ್ಯಾಂಕಿನಲ್ಲಿಯೂ ಹಿಂದಿನ ಅಧ್ಯಕ್ಷರ ಸಹಿಯೇ ಉಳಿದಿರುತ್ತದೆ. ಅವರು ಮುನಿಸಿಕೊಂಡು ಕುಳಿತರಂತೂ ಚೆಕ್ಕಿಗೆ ಸಹಿ ಹಾಕುವವರಿಲ್ಲ. ಮಕ್ಕಳಿಗೆ ಸ್ವರ ಕಲಿಸುವ ಸಂಗೀತ ಮೇಷ್ಟ್ರ ಗೌರವಧನಕ್ಕೆ ಮೊದಲ ಪೆಟ್ಟು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವಾಗಲೂ ನೋಂದಣಿ, ಲೆಕ್ಕಪರಿಶೋಧನೆಯ ದಾಖಲೆಗಳು ಬೇಕು.

ಅವಧಿ ಮುಗಿದೂ ಹೊಸ ಮಂಡಳಿ ರಚನೆಯಾಗದಿದ್ದರೆ 27-ಎ ಕಲಮಿನಡಿ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಕಲಾವಿದರ ಸಂಘಕ್ಕೆ ಇದು ಶೋಭೆಯ ಸಂಗತಿಯಲ್ಲ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಆಯ್ಕೆ ನಡೆದ ಸಭೆಯಲ್ಲಿಯೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಹಾಜರಿದ್ದ ಸದಸ್ಯರ ಸಹಿ ಪಡೆಯಬೇಕು. ಬ್ಯಾಂಕ್ ಖಾತೆಯ ಸಹಿ ಬದಲಾವಣೆಗೂ ಅಂದೇ ಪ್ರತ್ಯೇಕ ಠರಾವು ಮಾಡಿಕೊಳ್ಳುವುದು ಒಳಿತು. ಹಳೆಯ ಕಾರ್ಯದರ್ಶಿಯಿಂದ ರಸೀದಿ ಪುಸ್ತಕ, ಮೊಹರು, ವಾದ್ಯಗಳ ಯಾದಿಯನ್ನು ಲಿಖಿತವಾಗಿ ವಹಿಸಿಕೊಳ್ಳುವುದನ್ನು ಮರೆಯಬಾರದು.