ಕನ್ನಡಕವು ತಿದ್ದುವುದೆಷ್ಟು?

ಇರುಳಿನ ಪಾಳಿ ಮುಗಿಸಿ ಲೋಕಲ್ ರೈಲಿಗೆ ಕಾದು ನಿಂತಾಗ ಎದುರಿನ ಫಲಕದ ಅಕ್ಷರಗಳು ಮಸುಕಾಗಿ ತೋರಿದರೆ, ನಮ್ಮಲ್ಲಿ ಬಹುಮಂದಿ ಕಣ್ಣನ್ನು ಕಿರಿದು ಮಾಡಿ ಓದಿಕೊಂಡು ಕೆಲಸ ಸಾಗಿಸುವುದುಂಟು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಿಲ್ಲನ್ನು ತೋಳಳತೆಯ ದೂರಕ್ಕೆ ಹಿಡಿದು ಓದುವ ಮಿತ್ರರನ್ನೂ ನಾವು ಕಂಡಿದ್ದೇವೆ. "ಚಾಳೀಸು ಬಂದಿತೇನು?" ಎಂದು ಕೇಳಿದರೆ ಅವರಿಗೆ ಸಂಕೋಚ. ಕನ್ನಡಕವೆಂದರೆ ಖರ್ಚು, ಮುಪ್ಪಿನ ಗುರುತು. ಒಮ್ಮೆ ಹಾಕಿದರೆ ಕಣ್ಣು ಇನ್ನಷ್ಟು ಕೆಡುವುದೆಂಬ ಭಯ ಬೇರೆ. ಕಣ್ಣಿನ ಲೋಪವನ್ನು ತಿದ್ದುವುದರಿಂದ ನೋಟವು ಎಷ್ಟರಮಟ್ಟಿಗೆ ನಿಚ್ಚಳವಾಗುವುದೆಂಬುದನ್ನು ತಿಳಿದುಕೊಂಡರೆ ಈ ಭಯವು ತಾನಾಗಿ ತೊಲಗುವುದು.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯವು ಬೆಳಕನ್ನು ಬಾಗಿಸುವ ಕಾರ್ಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊರುತ್ತದೆ. ಉಳಿದುದನ್ನು ಒಳಗಿನ ಮಸೂರವು ಪೂರೈಸುತ್ತದೆ. ಕಿರಣಗಳು ಹಿಂದಿನ ಅಕ್ಷಿಪಟದ ಮೇಲೆ ಸರಿಯಾಗಿ ಕೂಡಿದರೆ ಬಿಂಬವು ಸ್ಪಷ್ಟ. ಕಣ್ಣುಗುಡ್ಡೆ ಉದ್ದವಾಗಿದ್ದರೆ ಅವು ಮೊದಲೇ ಕೂಡುತ್ತವೆ, ಅದು ಸಮೀಪದೃಷ್ಟಿ. ಗಿಡ್ಡವಾಗಿದ್ದರೆ ದೂರದೃಷ್ಟಿ. ನಲವತ್ತರ ಸುಮಾರಿಗೆ ಮಸೂರವು ಬಿಗಿಯಾಗಿ ಹತ್ತಿರದ ನೋಟಕ್ಕೆ ಹೊಂದಿಕೊಳ್ಳದಾಗುವುದೇ ಚಾಳೀಸು. ಕಾರ್ನಿಯದ ಉಬ್ಬು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆಯಾಗಿದ್ದರೆ ಚುಕ್ಕೆಯು ಗೆರೆಯಂತೆ ಎಳೆದುಕೊಂಡು ತೋರುವುದು. ಇಂಗ್ಲೆಂಡಿನ ಜಾರ್ಜ್ ಏರಿ ಎಂಬ ವಿಜ್ಞಾನಿಯು ತನ್ನ ಎಡಗಣ್ಣಿನ ಈ ದೋಷವನ್ನು ತಾನೇ ಅಳೆದು, ಅದಕ್ಕೆ ತಕ್ಕ ಮಸೂರವನ್ನು ಮಾಡಿಸಿಕೊಂಡ ಸಂಗತಿಯನ್ನು 1825ರಲ್ಲಿ ವಿದ್ವಾಂಸರ ಮುಂದಿಟ್ಟನು. ಇಂದಿನ ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಯುವ ಅಂಕಿಯು ಈ ದೋಷದ್ದೇ.

ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ದಪ್ಪ ಕಾಗದದಲ್ಲಿ ಸುಮಾರು ಒಂದು ಮಿಲಿಮೀಟರಿನ ತೂತು ಮಾಡಿ, ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರಿಂದ ಆ ತೂತಿನ ಮೂಲಕ ಗೋಡೆಯ ಕ್ಯಾಲೆಂಡರನ್ನು ನೋಡಿರಿ. ಮಸುಕಾಗಿದ್ದ ಅಂಕಿಗಳು ತಿಳಿಯಾದರೆ ದೋಷವು ಬಹುಮಟ್ಟಿಗೆ ಬೆಳಕು ಬಾಗುವುದರಲ್ಲಿದೆ. ಕನ್ನಡಕದಿಂದ ಅದು ಸರಿಹೋಗುವ ಸಂಭವವಿದೆ. ಸಣ್ಣ ತೂತು ತೆಳುವಾದ ಕಿರಣಗಳನ್ನಷ್ಟೇ ಒಳಗೆ ಬಿಡುವುದರಿಂದ ಬಿಂಬದ ಮಸುಕು ಕುಗ್ಗುತ್ತದೆ. ಕಣ್ಣು ಕಿರಿದು ಮಾಡಿದಾಗ ಆಗುವುದೂ ಇದೇ. ಮಂದಬೆಳಕಿನಲ್ಲಿ ಪಾಪೆಯು ಹಿಗ್ಗುವುದರಿಂದ, ಹಗಲು ಅಡಗಿದ್ದ ದೋಷವು ಇರುಳಿನಲ್ಲಿ ಎದ್ದು ತೋರುವುದು. ತೂತಿನಿಂದಲೂ ನೋಟ ತಿಳಿಯಾಗದಿದ್ದರೆ ಕಾರಣವು ಬೇರೆಯಿರಬಹುದು; ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯುಳ್ಳವರಂತೂ ನೋಟ ಚೆನ್ನಾಗಿದ್ದರೂ ಅಕ್ಷಿಪಟವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು.

ಹಾಲೆಂಡಿನ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ ಅಕ್ಷರಪಟವೇ ಇಂದಿಗೂ ದೃಷ್ಟಿಯ ಅಳತೆಗೋಲಿಗೆ ಮೂಲ. ಆರು ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಿದರೆ 6/6. ಆದರೆ ಕನ್ನಡಕವು ದೊಡ್ಡ ದೋಷಗಳನ್ನಷ್ಟೇ ತಿದ್ದುತ್ತದೆ. ಇನ್ನೂ ಸೂಕ್ಷ್ಮವಾದ ಅಂಕುಡೊಂಕುಗಳು ಪ್ರತಿಯೊಂದು ಕಣ್ಣಿನಲ್ಲಿಯೂ ಉಳಿದಿರುತ್ತವೆ. ಅವುಗಳನ್ನೂ ಅಳಿಸಿದರೇನು? ವಾತಾವರಣದ ಕಲಕಾಟದಿಂದ ಕೆಡುವ ನಕ್ಷತ್ರಬಿಂಬವನ್ನು ಸರಿಪಡಿಸಲು ಖಗೋಳಜ್ಞರು ಬಳಸುವ, ಆಕಾರ ಬದಲಿಸುವ ಕನ್ನಡಿಯನ್ನು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕಣ್ಣಿಗೆ ಅಳವಡಿಸಿ, 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಅದರ ಮೂಲಕ ಕಂಡವು.

ಆದರೂ ಇದಕ್ಕೊಂದು ಎಲ್ಲೆಯುಂಟು. ಎರಡು ಗೆರೆಗಳು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ಬಿಂಬಗಳ ನಡುವೆ ಬೆಳಕನ್ನು ಗ್ರಹಿಸುವ ಕೋಶವೊಂದಾದರೂ ಇರಬೇಕು. ಅಕ್ಷಿಪಟದ ಕೋಶಗಳು ಎಷ್ಟು ಒತ್ತಾಗಿವೆಯೋ ಅದಕ್ಕಿಂತ ಹೆಚ್ಚಿನ ವಿವರವನ್ನು ಯಾವ ಮಸೂರವೂ ನೆಚ್ಚಿಕೆಯಾಗಿ ತೋರಿಸಲಾರದು.

ಕೊನೆಯ ಮಾತು ಮಿದುಳಿನದು. ಅದು ತನ್ನ ಕಣ್ಣಿನ ಬಿಂಬಕ್ಕೆ ಒಗ್ಗಿಕೊಳ್ಳುತ್ತದೆ. ಕನ್ನಡಕವನ್ನು ತೆಗೆದಾಗ ಮೊದಲಿಗಿಂತ ಮಸುಕೆನಿಸುವುದು ನಿಚ್ಚಳ ನೋಟದ ರೂಢಿಯಿಂದಲೇ ಹೊರತು ಕನ್ನಡಕವು ಕಣ್ಣನ್ನು ಕೆಡಿಸಿದುದರಿಂದಲ್ಲ. ಆದರೆ ಎಳೆವಯಸ್ಸಿನಲ್ಲಿ ಸ್ಪಷ್ಟ ಬಿಂಬವೇ ದೊರೆಯದಿದ್ದರೆ ಮಿದುಳು ಸೂಕ್ಷ್ಮವಾಗಿ ನೋಡುವುದನ್ನು ಕಲಿಯದೆ ಹೋಗುತ್ತದೆ. ಅಂತಹ ಕಣ್ಣಿಗೆ ಬೆಳೆದ ಮೇಲೆ ಕನ್ನಡಕ ಕೊಟ್ಟರೂ ಪೂರ್ಣ ಸ್ಪಷ್ಟತೆಯು ಬರುವುದು ಕಷ್ಟ. ಒಂದು ಕಣ್ಣು ಚೆನ್ನಾಗಿದ್ದರೆ ಮಗುವು ದೂರುವುದೂ ಇಲ್ಲ. ಶಾಲೆಗೆ ಸೇರುವ ಮುನ್ನವೇ ಪ್ರತಿಯೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ನಮ್ಮ ಚಾಳೀಸು ಒಂದು ವರ್ಷ ತಡವಾದರೆ ತಲೆನೋವು, ಲೆಕ್ಕದಲ್ಲೊಂದು ತಪ್ಪು, ಹೇಗೋ ಸರಿಪಡಿಸಿಕೊಂಡೇವು. ಮಕ್ಕಳ ಕಣ್ಣಿನಲ್ಲಿ ತಡವಾದರೆ ಹಾಗಲ್ಲ. ಊರಿನಲ್ಲಿ ಹೆಂಡತಿಮಕ್ಕಳನ್ನು ಬಿಟ್ಟು ಬಂದಿರುವ ಸೋದರರು ಮುಂದಿನ ರಜೆಗೆ ಹೋದಾಗ, ತಂದ ಉಡುಗೊರೆಗಳನ್ನು ಹಂಚಿಯಾದ ಮೇಲೆ, ಮಕ್ಕಳನ್ನು ಒಮ್ಮೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಲಿ ಎಂಬುದು ನಮ್ಮ ವಿನಂತಿ.