ಬೀಡಿ ಬಿಡಲು ಜೊತೆ ಬೇಕೇ?

ಪ್ರಶ್ನೆ: ಬೀಡಿ ಬಿಡಲು ನನ್ನ ಹಠವೊಂದೇ ಸಾಲದೆ? ನಾಲ್ಕು ಜನಕ್ಕೆ ಹೇಳಿಕೊಂಡು ಏನು ಪ್ರಯೋಜನ? – ಓದುಗರು, ಹಿರಿಯೂರು

ಉತ್ತರ: ಹಠ ಬೇಕು. ಆದರೆ ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆಗೇಡು, ಚಡಪಡಿಕೆ ಜೋರು. ಹಠ ಕರಗುವುದು ಆಗಲೇ. ಒಂದೊಂದು ಸಲದ ಸೆಳೆತ ಮಾತ್ರ ಕೆಲವೇ ನಿಮಿಷದ್ದು. ಊಟವಾದ ಮೇಲೆ, ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಗೆಳೆಯ ಬೆಂಕಿಪೊಟ್ಟಣ ಚಾಚಿದಾಗ, ಆ ನಿಮಿಷಗಳನ್ನು ದಾಟಿಸುವವರು ಬೇಕು. ಹಾಗಾಗಿ ಮೊದಲು ಹೇಳಬೇಕಾದ್ದು ಆ ಗೆಳೆಯನಿಗೇ. ಮನೆಯವರಿಗೆ ಹೇಗೂ ವಾಸನೆಯಲ್ಲೇ ಗೊತ್ತಾಗುತ್ತದೆ!

ನಾಲ್ಕು ಜನರೆದುರು ಚಟ ಬಿಡುವುದು ನಮ್ಮಲ್ಲಿ ಹೊಸದೇನಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಸು ಕಾಳು ಕೇಳದೆ ಜನರ ದುಶ್ಚಟಗಳನ್ನೇ ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಗುರುತಿನವರ ಮುಂದೆ ಸಂಕೋಚವೇ? 1800-11-2356ಕ್ಕೆ ಕರೆ ಮಾಡಿ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ. ದಿನಕ್ಕೊಂದು ಕಟ್ಟು ಸೇದುವವರಾದರೆ, ದುರ್ಗಕ್ಕೆ ಹೋದಾಗ ಜಿಲ್ಲಾಸ್ಪತ್ರೆಯ ವೈದ್ಯರನ್ನು ನಿಕೋಟಿನ್ ಚೂಯಿಂಗ್ ಗಮ್ ಬಗ್ಗೆಯೂ ಕೇಳಿ.